ಕೆಂಪು ತಂತಿ ಅಣ್ಣನಿಗೆ, ಕಪ್ಪು ತಂತಿ ತಮ್ಮನಿಗೆ

ನಮ್ಮ ಸೋದರಮಾವನಷ್ಟು ನ್ಯಾಯವಂತ ಮನುಷ್ಯ ದಾವಣಗೆರೆಯಿಂದ ಹರಿಹರದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವರ ನ್ಯಾಯದಿಂದಾಗಿಯೇ ನಮ್ಮಪ್ಪನ ಹಾಡಿನ ಸೆಟ್ಟು ಮೂರು ಮನೆ ಪಾಲಾಯಿತು ಅನ್ನುವುದು ಬೇರೆ ಮಾತು.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಅಣ್ಣ ತಮ್ಮ ಬೇರೆಯಾದರು. ಜಗಳವಾಗಿ ಅಲ್ಲ. ತಮ್ಮನಿಗೆ ಗುತ್ತೂರಿನ ಹತ್ತಿರ ಫ್ಯಾಕ್ಟರಿ ಕೆಲಸ, ಸಂಸಾರ ಹರಿಹರದಲ್ಲಿ. ಅಣ್ಣನಿಗೆ ಮಂಡಿಪೇಟೆಯ ಬೆಲ್ಲದ ಅಂಗಡಿ, ಅದರ ಹಿಂದೆಯೇ ಇರುವ ಹಳೆಯ ಮನೆ. ಹಿಸ್ಸೆ ಅನ್ನುವುದು ಎಂದಿದ್ದರೂ ಆಗಬೇಕಾದದ್ದು, ಎಲ್ಲರೂ ನಗುನಗುತ್ತಾ ಇರುವಾಗಲೇ ಆಗಿಬಿಡಲಿ ಎಂದು ಮಾವ ಬಂದು ನಡುಮನೆಯ ಜಮಖಾನೆ ಮೇಲೆ ಕೂತರು. ಹೊಲ, ಅಂಗಡಿ, ಮನೆಯ ಮಾತು ಬೇಗ ಮುಗಿಯಿತು. ಆಮೇಲೆ ಪಾತ್ರೆ ಪಗಡ ಬಂದವು. ಹಂಡೆ ಇವನಿಗೆ, ಕೊಪ್ಪರಿಗೆ ಅವನಿಗೆ. ಮಾವನ ಕೈ ತಕ್ಕಡಿಯ ಮುಳ್ಳಿನಂತೆ ಅತ್ತ ಇತ್ತ ಆಡಿ ನಡುವೆ ನಿಲ್ಲುತ್ತಿತ್ತು.

ಕೊನೆಗೆ ಅಪ್ಪನ ಸೆಟ್ಟಿನ ಸರದಿ. ಒಂದು ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್ ಪೆಟ್ಟಿಗೆ. ಎರಡು ಪೆಟ್ಟಿಗೆ, ಇಬ್ಬರು ಮಕ್ಕಳು. ಮಾವನಿಗೆ ಇದಕ್ಕಿಂತ ಸಲೀಸಾದ ಲೆಕ್ಕ ಅವತ್ತು ಇನ್ನೊಂದು ಸಿಕ್ಕಿರಲಿಲ್ಲ. ಒಂದೊಂದು ಹಂಚಿದರು. ಆಂಪ್ಲಿಫೈಯರ್ ಒಂದೇ ಇತ್ತು, ಅದನ್ನು ಅರ್ಧ ಮಾಡಲು ಬರುವಂತಿರಲಿಲ್ಲ. ಯಾರಿಗೆ ಕೊಟ್ಟರೂ ಇನ್ನೊಬ್ಬನಿಗೆ ಕಡಿಮೆ. ಹಾಗಾಗಿ ಅದು ನನ್ನ ಕಡೆ ಬಂತು. ಮಗಳಿಗೆ ಕೊಟ್ಟದ್ದು ಅಂದರೆ ಯಾರಿಗೂ ಕೊಡದೇ ಇದ್ದಂತೆ, ತಕ್ಕಡಿ ಅಲುಗುವುದಿಲ್ಲ.

ಅಷ್ಟು ಹೊತ್ತಿಗೆ ನಾನು ನನಗೇನೂ ಬೇಡವೆಂದು ಸಹಿ ಮಾಡಿಯಾಗಿತ್ತು. ಅದಕ್ಕೊಂದು ರೇಷ್ಮೆ ಸೀರೆ ಕೊಟ್ಟಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಕಾನೂನು ಏನನ್ನುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಮೊದಲಿನಿಂದ ನನಗೆ 'ಏನೂ ಕೇಳದ ಹುಡುಗಿ' ಎಂಬ ಹೆಸರು. ಆ ಹೊಗಳಿಕೆಯೇ ಬಾಯಿಗೆ ಹಾಕಿದ ಬೀಗ. ಅದನ್ನು ಹಾಕಿದವರು ಒಳ್ಳೆಯವರೇ ಆಗಿದ್ದರಿಂದ ಒಡೆಯಲೂ ಮನಸ್ಸು ಬರುವುದಿಲ್ಲ.

ಇನ್ನು ಉಳಿದದ್ದು ತಂತಿ. ಕೆಂಪು ಕಪ್ಪು ಜೋಡಿಯಾಗಿ ಅಂಟಿಕೊಂಡಿರುವ ಸ್ಪೀಕರ್ ತಂತಿ, ಎರಡು ತುಂಡು. ಒಂದೊಂದು ತುಂಡು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹಳೆಯ ಮನೆಯಲ್ಲಿ ಒಂದು ಪೆಟ್ಟಿಗೆ ಆಂಪ್ಲಿಫೈಯರಿಗೆ ಹತ್ತಿರವಿತ್ತು, ಇನ್ನೊಂದು ಬಾಗಿಲು ದಾಟಿ ದೂರದಲ್ಲಿತ್ತು. ಹಾಗಾಗಿ ಒಂದು ತುಂಡು ಗಿಡ್ಡ, ಒಂದು ಉದ್ದ. ಮಾವ ಎರಡನ್ನೂ ಎಳೆದು ಹಿಡಿದು ನೋಡಿದರು. ಅನ್ಯಾಯ ಕಣ್ಣಿಗೆ ಬಿತ್ತು. ಬ್ಲೇಡು ತರಿಸಿ, ಎರಡೂ ತುಂಡುಗಳನ್ನು ಉದ್ದಕ್ಕೆ ಸೀಳಿದರು. ಕೆಂಪು ಎಳೆಗಳೆರಡು ಅಣ್ಣನಿಗೆ, ಕಪ್ಪು ಎಳೆಗಳೆರಡು ತಮ್ಮನಿಗೆ. ಇಬ್ಬರಿಗೂ ಒಂದು ಉದ್ದ, ಒಂದು ಗಿಡ್ಡ. ಒಂದು ಗೇಣೂ ಹೆಚ್ಚು ಕಡಿಮೆ ಇಲ್ಲ. ಮಾವ ಬೆವರು ಒರೆಸಿಕೊಂಡು ಮಜ್ಜಿಗೆ ಕೇಳಿದರು.

ನನಗೆ ಆ ಸೆಟ್ಟು ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಗೆ ರಜೆ ಇದ್ದ ದಿನ ಅಪ್ಪ ನಮ್ಮ ಮೂವರನ್ನೂ ಜಮಖಾನೆಯ ಮೇಲೆ ಸಾಲಾಗಿ ಕೂರಿಸಿ ವಚನ ಹಾಕುತ್ತಿದ್ದರು. ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ, ನಡುವಿನವಳು ನಾನು, ಹುಟ್ಟಿನಲ್ಲೂ ಜಮಖಾನೆಯಲ್ಲೂ. ತಬಲಾ ಅಣ್ಣನ ಕಡೆಯ ಪೆಟ್ಟಿಗೆಯಿಂದ ಬರುತ್ತಿತ್ತು, ಹಾರ್ಮೋನಿಯಂ ತಮ್ಮನ ಕಡೆಯಿಂದ. ಹಾಡುವವರ ದನಿ ಮಾತ್ರ ಪೆಟ್ಟಿಗೆಯೇ ಇಲ್ಲದ ನಡುವಿನ ಜಾಗದಿಂದ, ನೇರ ನನ್ನ ಮುಖಕ್ಕೆ. ಅಲ್ಲಿ ಗೋಡೆಯಲ್ಲಿ ಒಂದು ಗೂಡು ಇತ್ತು. ಯಾರೋ ಅದರೊಳಗೆ ಕೂತಿದ್ದಾರೆ ಎಂದು ನಾನು ಎದ್ದು ಹೋಗಿ ಕೈ ಹಾಕಿ ನೋಡಿದ್ದೆ. ಅಪ್ಪ ಬಹಳ ನಕ್ಕರು. ಆ ಜಾಗದಲ್ಲಿ ಕೂತವರಿಗಷ್ಟೇ ಹಾಡು ಪೂರ್ತಿ ಕೇಳುತ್ತದೆ, ಅದು ನಿನ್ನದು ಅಂದರು. ನನ್ನದು ಎಂದು ಆ ಮನೆಯಲ್ಲಿ ಯಾರಾದರೂ ತೋರಿಸಿ ಹೇಳಿದ ಜಾಗ ಅದೊಂದೇ.

ಹಿಸ್ಸೆಯಾದ ಮೇಲೆ ಅಣ್ಣ ತನ್ನ ಪೆಟ್ಟಿಗೆಯನ್ನು ಅಂಗಡಿಯ ಚಿಕ್ಕದೊಂದು ಸೆಟ್ಟಿಗೆ ಜೋಡಿಸಿಕೊಂಡ. ತಮ್ಮ ಹರಿಹರದಲ್ಲಿ ತನ್ನದೇ ಏನೋ ಒಂದು ಆಂಪ್ಲಿಫೈಯರ್ ಬೋರ್ಡು ಕೂರಿಸಿಕೊಂಡ. ಇಬ್ಬರೂ ಅಪ್ಪನ ನೆನಪಿಗೆಂದು ಅದೇ ವಚನಗಳನ್ನು ಹಾಕುತ್ತಿದ್ದರು. ಅಣ್ಣನ ಅಂಗಡಿಗೆ ಹೋದರೆ ಬರೀ ತಬಲಾ ಜೋರು, ಹಾರ್ಮೋನಿಯಮ್ಮಿನ ಸುಳಿವಿಲ್ಲ. ಹರಿಹರಕ್ಕೆ ಹೋದರೆ ಹಾರ್ಮೋನಿಯಂ ಉಂಟು, ತಬಲಾ ಬಾರಿಸುವವರು ರಜೆಯ ಮೇಲೆ ಹೋದಂತೆ. ಅವರಿಬ್ಬರಿಗೂ ಅದು ಅಭ್ಯಾಸವಾಗಿತ್ತು. ನನಗೆ ಮಾತ್ರ ಎರಡೂ ಊರಲ್ಲಿ ಹೊಟ್ಟೆ ಉರಿಯುತ್ತಿತ್ತು. ನನ್ನ ಪಾಲಿನ ಆಂಪ್ಲಿಫೈಯರ್ ನಮ್ಮ ಮನೆಯಲ್ಲಿ ಯಜಮಾನರ ಪೇಪರು, ಕನ್ನಡಕ, ಟಿವಿ ರಿಮೋಟು ಹೊತ್ತುಕೊಂಡು ಸುಮ್ಮನೆ ಕೂತಿತ್ತು.

ಆವರಗೆರೆಯ ಕಡೆ ನಾವು ಮನೆ ಕಟ್ಟಿಸಿದ್ದು ಈಚೆಗೆ. ನಡುಮನೆ ದೊಡ್ಡದು, ಎದುರಿನ ಗೋಡೆ ಖಾಲಿ. ಆ ಗೋಡೆಯನ್ನು ನೋಡಿದ ದಿನದಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಎರಡೂ ಪೆಟ್ಟಿಗೆ ಇಲ್ಲಿಗೆ ಬರಬೇಕು. ಬರಬೇಕು ಅಂದರೆ, ಇರಬೇಕು. ಯಜಮಾನರು ಹೊಸದೇ ಒಂದು ಜೊತೆ ತಂದರಾಯಿತಲ್ಲ ಎಂದರು. ಹೊಸದು ಬೇಕಿದ್ದರೆ ನಿಮ್ಮನ್ನು ಕೇಳುತ್ತಲೇ ಇರಲಿಲ್ಲ ಅಂದೆ. ಅವರು ಮತ್ತೆ ಪೇಪರಿಗೆ ತಲೆ ಹಾಕಿದರು.

ಆದರೆ ಅಣ್ಣನಿಗೆ ಫೋನು ಹಚ್ಚಿದಾಗ ನನ್ನ ಬಾಯಿಂದ ಬಂದದ್ದು ಬೇರೆಯೇ. ಒಂದು ಭಾನುವಾರದ ಮಟ್ಟಿಗೆ ಸ್ಪೀಕರ್ ತೆಗೆದುಕೊಂಡು ಬಾ, ಮೂವರೂ ಕೂತು ಅಪ್ಪನ ಹಾಡು ಕೇಳೋಣ ಅಂದೆ. ಹಿಸ್ಸೆಯಾದ ಮೇಲೆ ತಂಗಿ ಒಂದು ಚಮಚ ಕೇಳಿದರೂ ಮಂಡಿಪೇಟೆಯಲ್ಲಿ ಅದು 'ತಂಗಿ ಪಾಲು ಕೇಳಿದಳು' ಎಂದು ಮಾತಾಗುತ್ತದೆ. ಅಣ್ಣ ಕೆಟ್ಟವನಲ್ಲ, ಆದರೆ ಮಂಡಿಪೇಟೆಯವನು. ಯಾಕ, ಎಷ್ಟು ದಿನಕ್ಕ, ಎಂದು ಕೇಳಿದ. ಬೆಳಗ್ಗೆ ಬಂದು ಸಂಜೆ ಹೋಗ್ತಾವೆ ಎಂದು ನಾನೇ ಹೇಳಿಬಿಟ್ಟೆ. ಅವನ ಉಸಿರು ಸಡಿಲವಾದದ್ದು ಫೋನಿನಲ್ಲೇ ಕೇಳಿಸಿತು. ತಮ್ಮನಿಗೂ ಅದನ್ನೇ ಹೇಳಿದೆ. ಫೋನಿಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದು ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಪೆಟ್ಟಿಗೆಗಳು ಬೆಳಗ್ಗೆ ಬಂದು ಸಂಜೆ ಹೋಗಬೇಕಾದರೆ ತಂತಿಯ ತುದಿ ಅದಕ್ಕೆ ತಕ್ಕಂತಿರಬೇಕು. ಹಳೆಯ ಕಾಲದಲ್ಲಿ ಅಪ್ಪ ತಂತಿಯ ತುದಿ ಸುಲಿದು, ಹುರಿ ಮಾಡಿ, ಆಂಪ್ಲಿಫೈಯರಿನ ಹಿಂದಿನ ತಿರುಪಿನ ಕೆಳಗೆ ಸಿಕ್ಕಿಸಿ ಬಿಗಿಯುತ್ತಿದ್ದರು. ಬರಿಯ ತಂತಿಯೇ ಒಳ್ಳೆಯದು ಅನ್ನುವವರು ಈಗಲೂ ಇದ್ದಾರೆ. ಆದರೆ ಎಳೆಗಳು ಕೂದಲಿನಂತೆ ಸಣ್ಣ. ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ತಿರುಪಿಗೆ ತಾಗಿದರೆ ಆಂಪ್ಲಿಫೈಯರಿನ ಕಥೆ ಮುಗಿದಂತೆ. ನನ್ನ ಪಾಲಿಗೆ ಬಂದದ್ದೇ ಅದೊಂದು. ಅದನ್ನೂ ಸುಟ್ಟುಕೊಂಡು ಕೂರಲು ನಾನು ತಯಾರಿರಲಿಲ್ಲ.

ಹಾಗಾಗಿ ಮಂಡಿಪೇಟೆಯ ಓಣಿಯೊಂದರಲ್ಲಿರುವ ಸಾಹೇಬರ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಅಪ್ಪನಿಗೆ ಬಳಕೆಯಿದ್ದ ಅಂಗಡಿ. ಸಾಹೇಬರಿಗೆ ಈಗ ಗಡ್ಡ ಪೂರ್ತಿ ಬಿಳಿ. ನಾನು ಮೊಬೈಲಿನಲ್ಲಿ ನೋಡಿಕೊಂಡು ಹೋದ ಹೆಸರುಗಳನ್ನೆಲ್ಲ ಪಾಠ ಒಪ್ಪಿಸಿದಂತೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಹಳೆಯ ಪೇಪರು ಹಾಸಿ ಒಂದೊಂದೇ ಹರಡಿದರು. ಸೂಜಿಯಂಥ ಪಿನ್ನು, ಒತ್ತಿ ಹಿಡಿಯುವ ಕ್ಲಿಪ್ಪಿನ ಬಾಯಿಗೆ. ಎರಡು ಕಾಲಿನ ಚಿಮಟದಂಥ ಲಗ್ಗು, ತಿರುಪಿನ ಕೆಳಗೆ ಕಚ್ಚಿಕೊಂಡು ಕೂರಲು. ಇನ್ನೊಂದು ನಡುವೆ ಉಬ್ಬಿದ ಬಾಳೆಕಾಯಿಯಂಥದ್ದು, ಬನಾನಾ ಪ್ಲಗ್ಗು. ತೂತಿಗೆ ತಳ್ಳಿದರೆ ಉಬ್ಬಿದ ಪಟ್ಟಿಗಳು ಅಮರಿ ಹಿಡಿಯುತ್ತವೆ, ಎಳೆದರೆ ಬಿಟ್ಟುಕೊಡುತ್ತವೆ. ಹೊಂಬಣ್ಣದಲ್ಲಿ ಮದುವೆ ಮನೆಯ ಬುಗುಡಿಗಳಂತೆ ಹೊಳೆಯುತ್ತಿದ್ದವು. ಬಂಗಾರವೇ ಎಂದು ಕೇಳಿದೆ. ಸೋನೇ ಕಾ ಪಾನಿ, ನೀರು ಅಷ್ಟೇ ಅವ್ವಾ, ನಿಮ್ಮ ಯಜಮಾನ್ರು ಹೆದರೋದು ಬ್ಯಾಡ ಎಂದು ನಕ್ಕರು.

ಎಲ್ಲವನ್ನೂ ತಿರುವಿ ತಿರುವಿ ನೋಡುತ್ತಾ ನಾನು ತೀರ್ಮಾನಕ್ಕೆ ಬಾರದಿದ್ದಾಗ ಅವರು ಒಂದೇ ಪ್ರಶ್ನೆ ಕೇಳಿದರು.

"ಖಾಯಂ ಇರೋದೇನವ್ವಾ, ಬಂದು ಹೋಗೋದಾ?"

ಸ್ಪೀಕರಿನ ಬಗ್ಗೆ ಎಲ್ಲರಿಗೂ ಕೇಳುವ ಮಾತೇ ಅದು. ಖಾಯಂ ಆದರೆ ಲಗ್ಗು ಹಾಕಿ ತಿರುಪು ಬಿಗಿದು ಮರೆತುಬಿಡಬಹುದು. ಬಂದು ಹೋಗುವಂಥದ್ದಾದರೆ ಬನಾನಾ. ಈ ವಯಸ್ಸಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ನಿಂತು, ಒಂದು ಪ್ಲಗ್ಗಿನ ಮುಂದೆ ಕಣ್ಣು ತುಂಬಿಕೊಳ್ಳುವುದೆಂದರೆ ನಗೆಪಾಟಲು. ಬಂದು ಹೋಗೋದು ಎಂದೆ. ಅವರು ಬನಾನಾಗಳನ್ನು ಪೊಟ್ಟಣ ಕಟ್ಟಿಕೊಟ್ಟರು, ಕೆಂಪು ಕೊರಳಿನವು ಎರಡು, ಕಪ್ಪು ಕೊರಳಿನವು ಎರಡು. ಬೆಸುಗೆ ಬೇಕಿಲ್ಲ, ಒಳಗೆ ತಂತಿ ಇಟ್ಟು ಚಿಕ್ಕ ತಿರುಪು ಬಿಗಿದರೆ ಸಾಕು, ಆಮೇಲೆ ಒಂದು ಸಲ ಜಗ್ಗಿ ನೋಡು ಎಂದು ಹೇಳಿ ಕಳಿಸಿದರು.

ಭಾನುವಾರ ಬೆಳಗ್ಗೆ ಅಣ್ಣ ಲಗೇಜ್ ಆಟೊದಲ್ಲಿ ಬಂದ. ಮುಂದೆ ಅತ್ತಿಗೆ, ಹಿಂದೆ ಹಳೆಯ ಹೊದಿಕೆ ಸುತ್ತಿದ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಅಣ್ಣ. ಆಟೊದವನಿಗೆ ಸಂಜೆ ಮತ್ತೆ ಬಾ ಎಂದು ಜೋರಾಗಿಯೇ ಹೇಳಿದ. ಹೊದಿಕೆ ಬಿಚ್ಚಿದರೆ ಪೆಟ್ಟಿಗೆ ಹಸಿರಾಗಿತ್ತು. ಮನೆಗೆ ಬಣ್ಣ ಹೊಡೆಸಿದಾಗ ಅತ್ತಿಗೆ ಇದಕ್ಕೂ ಒಂದು ಕೈ ಹೊಡೆಸಿ, ಮೇಲೊಂದು ಮನಿಪ್ಲಾಂಟ್ ಇಟ್ಟಿದ್ದರಂತೆ. ಹಿಂದುಗಡೆಯ ತಿರುಪುಗಳು, ಅವಕ್ಕೆ ಕಟ್ಟಿದ್ದ ತಂತಿಯ ತುದಿ, ಯಾವುದು ಪ್ಲಸ್ಸು ಯಾವುದು ಮೈನಸ್ಸು ಎಂಬ ಗುರುತು, ಎಲ್ಲ ಒಂದೇ ಹಸಿರಿನಲ್ಲಿ ಹೂತುಹೋಗಿದ್ದವು. ಅಷ್ಟರಲ್ಲಿ ತಮ್ಮ ಹರಿಹರದಿಂದ ಕಾರಿನಲ್ಲಿ ಬಂದಿಳಿದ. ಅವನ ಪೆಟ್ಟಿಗೆಯ ಮೈಗೆ ಏನೂ ಆಗಿರಲಿಲ್ಲ, ಆದರೆ ಹಿಂದುಗಡೆ ಹಳೆಯ ತಿರುಪು ಕಿತ್ತು ಫ್ಯಾಕ್ಟರಿಯ ಬೋಲ್ಟುಗಳನ್ನು ಕೂರಿಸಿದ್ದ. ಎರಡೂ ಬೋಲ್ಟು ಅವಳಿ ಜವಳಿ, ಯಾವುದು ಪ್ಲಸ್ಸು ಯಾವುದು ಮೈನಸ್ಸು ಎಂದು ಅಲ್ಲೂ ಗೊತ್ತಾಗುವಂತಿರಲಿಲ್ಲ. ಲಾರಿ ಮೇಲಿಂದ ಬಿದ್ರೂ ಅಲ್ಲಾಡಂಗಿಲ್ಲ ಎಂದು ಹೆಮ್ಮೆಯಿಂದ ತಟ್ಟಿ ತೋರಿಸಿದ. ಇದು ಲಾರಿ ಮೇಲಿಂದ ಬೀಳುವ ಸಾಮಾನಲ್ಲ ಎಂದು ನಾನು ಹೇಳಿದ್ದು ಅವನ ಕಿವಿಗೆ ಹೋಗಲಿಲ್ಲ.

ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿಯ ಊಟ ಮುಗಿಸಿ ಮೂವರೂ ಜಮಖಾನೆ ಹಾಸಿಕೊಂಡು ಕೂತೆವು. ನಾನು ಆಂಪ್ಲಿಫೈಯರಿನ ತಿರುಪುಗಳ ನೆತ್ತಿಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳನ್ನು ಬಟ್ಟೆ ಪಿನ್ನಿನಿಂದ ಮೀಟಿ ತೆಗೆದೆ. ಅದರೊಳಗೇ ಬನಾನಾ ಹೋಗುವ ತೂತು. ಅಣ್ಣ ಕೆಂಪು ತಂತಿಯ ತುದಿಯನ್ನು ಅಪ್ಪನಂತೆಯೇ ಹಲ್ಲಿನಿಂದ ಕಚ್ಚಿ ಸುಲಿಯತೊಡಗಿದ. ತಮ್ಮ ಅದನ್ನು ನೋಡಲಾರದೆ ಫ್ಯಾಕ್ಟರಿಯಿಂದ ತಂದಿದ್ದ ಸುಲಿಯುವ ಇಕ್ಕಳ ಮುಂದೆ ಚಾಚಿದ. ಅಣ್ಣ ಅದನ್ನು ಮುಟ್ಟಲಿಲ್ಲ. ಹಲ್ಲಿರುವಾಗ ಇಕ್ಕಳ ಯಾಕ ಎಂದ. ಸುಲಿದು ಹುರಿ ಮಾಡಿದ ತುದಿಯನ್ನು ಪ್ಲಗ್ಗಿನ ಕೊರಳಿನೊಳಗೆ ತೂರಿಸಿ, ತಿರುಪು ಬಿಗಿದು, ಸಾಹೇಬರು ಹೇಳಿದಂತೆ ಜಗ್ಗಿ ನೋಡಿದೆವು. ಅಣ್ಣನ ಮೊದಲನೆಯದು ಕೈಗೇ ಬಂತು. ಎರಡನೆಯ ಸಲ ನಿಂತಿತು.

ತೊಂದರೆ ಬಂದದ್ದು ಬಣ್ಣದಲ್ಲಿ. ಅಣ್ಣನ ತಂತಿ ಎರಡೂ ಕೆಂಪು, ತಮ್ಮನ ತಂತಿ ಎರಡೂ ಕಪ್ಪು. ಯಾವುದಕ್ಕೆ ಕೆಂಪು ಕೊರಳು, ಯಾವುದಕ್ಕೆ ಕಪ್ಪು? ಮಾವನ ನ್ಯಾಯದ ನೆನಪಾಗಿ ಮೂವರೂ ಒಂದಿಷ್ಟು ನಕ್ಕೆವು. ಕೊನೆಗೆ ಮೇಷ್ಟ್ರಿಣಿಯ ಠೀವಿಯಿಂದ ನಾನೇ ಅಪ್ಪಣೆ ಕೊಟ್ಟೆ. ಇಬ್ಬರದೂ ಉದ್ದನೆಯ ಎಳೆಗೆ ಕೆಂಪು, ಗಿಡ್ಡನೆಯದಕ್ಕೆ ಕಪ್ಪು. ನಾಲ್ಕೂ ಪ್ಲಗ್ಗುಗಳು ತೂತಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಗಿಡ್ಡ ಎಳೆ ಮುಟ್ಟುವಷ್ಟೇ ದೂರದಲ್ಲಿ ಪೆಟ್ಟಿಗೆಗಳನ್ನು ಇಟ್ಟು, ಮೊಬೈಲನ್ನು ಆಂಪ್ಲಿಫೈಯರಿಗೆ ಜೋಡಿಸಿ ಅದರಲ್ಲಿ ಹುಡುಕಿಟ್ಟಿದ್ದ ವಚನ ಹಾಕಿದೆ.

ಹಾಡು ಬಂತು, ಆದರೆ ಅದಕ್ಕೆ ಹೊಟ್ಟೆಯೇ ಇರಲಿಲ್ಲ. ತಬಲಾದ ಎಡಗೈ ಪೆಟ್ಟು ಬರೀ ರಟ್ಟು ಬಡಿದಂತೆ. ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ಅಲೆದು ನನ್ನ ಬೆನ್ನ ಹಿಂದಿನಿಂದ ಬಂದಂತಾಗುತ್ತಿತ್ತು. ನಾನು ಕೂತ ಜಾಗ ಖಾಲಿ ಅನ್ನಿಸಿತು. ಇಷ್ಟು ವರ್ಷ ಕಾದದ್ದು ಇದಕ್ಕಾ?

ಅಣ್ಣ ತನ್ನದರಲ್ಲಿ ಏನೂ ದೋಷವಿಲ್ಲ, ದಿನಾ ಅಂಗಡಿಯಲ್ಲಿ ಕೇಳುತ್ತೇನೆ ಎಂದ. ತಮ್ಮ ತನ್ನದೂ ಸರಿಯೇ ಇದೆ, ಹಸಿರು ಬಣ್ಣ ಕುಡಿದ ಪೆಟ್ಟಿಗೆಯನ್ನು ನೋಡಿಕೊಳ್ಳಲಿ ಎಂದ. ಅತ್ತಿಗೆಯ ಮುಖ ಸಣ್ಣಗಾಯಿತು. ಹಿಸ್ಸೆಯ ದಿನ ಆಗದ ಜಗಳ ಇವತ್ತು ನನ್ನ ನಡುಮನೆಯಲ್ಲಿ ಆಗುವ ಲಕ್ಷಣ ಕಂಡು ನಾನು ಇಬ್ಬರಿಗೂ ತರಗತಿಯಲ್ಲಿ ಗದರುವಂತೆ ಗದರಿದೆ. ಯಜಮಾನರ ಟಿವಿ ರಿಮೋಟಿನ ಬೆನ್ನು ತೆಗೆದು ಒಂದು ಸೆಲ್ಲು ಕಿತ್ತುಕೊಂಡೆ. ಅವರು ಕ್ರಿಕೆಟ್ ನೋಡುವ ಹೊತ್ತು, ಪಾಪ.

ನಾಲ್ಕೂ ಪ್ಲಗ್ಗುಗಳನ್ನು ಆಂಪ್ಲಿಫೈಯರಿನಿಂದ ಎಳೆದು, ಪೆಟ್ಟಿಗೆಗಳ ಮುಂದಿನ ಬಟ್ಟೆಯ ಮುಚ್ಚಳ ತೆಗೆಸಿದೆ. ಒಂದು ಪೆಟ್ಟಿಗೆಯ ಕೆಂಪು ಕೊರಳನ್ನು ಸೆಲ್ಲಿನ ಮೂಗಿಗೆ, ಕಪ್ಪು ಕೊರಳನ್ನು ಬುಡಕ್ಕೆ ಮುಟ್ಟಿಸಿದರೆ ಒಳಗಿನ ಕಾಗದದ ಬಟ್ಟಲು ಹೊರಕ್ಕೆ ಉಬ್ಬಬೇಕು. ತಮ್ಮನದು ಉಬ್ಬಿತು. ಅಣ್ಣನದು ಒಳಕ್ಕೆ ಹೋಯಿತು. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಇಬ್ಬರ ದುಡಿಮೆಯೂ ಗಾಳಿಯಲ್ಲೇ ಕರಗುತ್ತದೆ. ಒಂಟಿಯಾಗಿದ್ದಾಗ ಇದು ಯಾರಿಗೂ ಗೊತ್ತಾಗುವುದಿಲ್ಲ, ಜೊತೆಗೆ ಕೂರಿಸಿದಾಗಲೇ ಬಯಲಾಗುವುದು. ಅಣ್ಣ, ಅಂದರೆ ನನ್ನದೇ ತಪ್ಪೇನು ಎಂದು ಕೇಳಿದ. ಯಾರದೂ ಅಲ್ಲ, ಉದ್ದದ್ದಕ್ಕೆ ಕೆಂಪು ಎಂದವಳು ನಾನು, ತಂತಿ ಸೀಳಿದವರು ಮಾವ ಎಂದೆ. ಪ್ಲಗ್ಗುಗಳನ್ನು ಮತ್ತೆ ಚುಚ್ಚುವಾಗ ಅಣ್ಣನದನ್ನು ಮಾತ್ರ ಅದಲು ಬದಲು ಮಾಡಿದೆ, ಕೆಂಪು ಕೊರಳು ಕಪ್ಪು ತೂತಿಗೆ, ಕಪ್ಪು ಕೊರಳು ಕೆಂಪು ತೂತಿಗೆ. ಬರಿಯ ತಂತಿಯಾಗಿದ್ದರೆ ಮತ್ತೆ ತಿರುಪು ಬಿಚ್ಚಿ ಹುರಿ ಮಾಡಿ ಅರ್ಧ ಮಧ್ಯಾಹ್ನ ಹೋಗುತ್ತಿತ್ತು. ಈಗ ಕಣ್ಣು ಮಿಟುಕಿಸುವುದರೊಳಗೆ ಆಯಿತು.

ಹಾಡು ಮತ್ತೆ ಶುರುವಾಯಿತು. ತಬಲಾ ಅಣ್ಣನ ಕಡೆ ಗುಮ್ಮೆಂದಿತು, ಹಾರ್ಮೋನಿಯಂ ತಮ್ಮನ ಕಡೆ ಬಾಯಿ ಬಿಟ್ಟಿತು. ಅಣ್ಣ ಕೈಸನ್ನೆಯಲ್ಲೇ ನನಗೆ ನಡುವೆ ಬಂದು ಕೂರಲು ಹೇಳಿದ. ಕೂತೆ. ಏನೂ ಇಲ್ಲದ ಖಾಲಿ ಗೋಡೆಯಿಂದ ಆ ದನಿ ಎದ್ದು ನೇರ ನನ್ನ ಮುಖಕ್ಕೆ ಬಂತು. ಎದ್ದು ಹೋಗಿ ಗೋಡೆಗೆ ಕೈ ಹಚ್ಚಿ ನೋಡಬೇಕು ಅನ್ನಿಸಿತು. ಬಹಳ ಸಂತೋಷವಾಯಿತು, ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ತಮ್ಮ ಮೊದಲ ಸಲ ತಬಲಾ ಕೇಳುತ್ತಿರುವವನಂತೆ ಅಣ್ಣನ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಮೇಲಿಂದ ಮೇಲೆ ಹಾಕಿಸಿ ಕೇಳಿದೆವು. ನಡುವೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಚಹಾ ಆದವು.

ಹೊತ್ತು ಇಳಿಯುವಾಗ ಗೇಟಿನ ಮುಂದೆ ಆಟೊ ಬಂದು ನಿಂತಿತು. ಹಾಡು ನಿಲ್ಲಿಸಿದೆ. ಅಣ್ಣ ಎದ್ದು ಆಂಪ್ಲಿಫೈಯರಿನ ಹಿಂದೆ ಬಗ್ಗಿ ತನ್ನ ಪ್ಲಗ್ಗುಗಳನ್ನು ಎಳೆದ. ಸದ್ದೇ ಇಲ್ಲದೆ ಬಂದವು. ತಮ್ಮನೂ ತನ್ನವನ್ನು ಎಳೆದ. ಎಷ್ಟು ಸಲೀಸಾಗಿ ಬರುತ್ತವೆ ನೋಡು ಎಂದು ಮೆಚ್ಚಿಕೊಂಡ. ನಾನೇ ಆರಿಸಿ ತಂದ ಪ್ಲಗ್ಗುಗಳ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ಕಾಲಿನ ಲಗ್ಗು ಹಾಕಿಸಿ, ತಮ್ಮನ ಫ್ಯಾಕ್ಟರಿಯ ಬೋಲ್ಟಿನಿಂದ ಬಿಗಿಸಿಬಿಡಬೇಕಿತ್ತು.

ಅಣ್ಣ ಪ್ಲಗ್ಗುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನನ್ನ ಮುಖ ಓದಿದನೋ ಏನೋ. ಅಂಗಡಿಯ ಸೆಟ್ಟಿಗೆ ಇಂಥ ತೂತು ಇಲ್ಲ, ಒಯ್ದರೂ ಎಲ್ಲಿ ಚುಚ್ಚೋದು, ಸದ್ಯಕ್ಕೆ ಇಲ್ಲೇ ಬಿದ್ದಿರಲಿ ಬಿಡು ಎಂದು ಗೋಡೆಗೆ ಹೇಳಿದ. ತಮ್ಮನೂ, ನಂದೂ ಇರಲಿ, ಹಂಗಾದ್ರೆ ಡಿಕ್ಕಿ ಖಾಲಿ ಎಂದ.

ನನಗೆ ಬೇಕಾದದ್ದು ಸಿಕ್ಕಂತೆಯೇ ಇತ್ತು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ 'ಬಿದ್ದಿರಲಿ' ಅನ್ನುವ ಆ ಮಾತು ಹಿಸ್ಸೆಯ ದಿನದ ರೇಷ್ಮೆ ಸೀರೆಯ ಪಕ್ಕದಲ್ಲೇ ಹೋಗಿ ಕೂತಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಹೋದರೆ ಹೋಗಲಿ ಎಂದು ಬಾಯಿ ತೆಗೆದೆ.

"ಬಿಟ್ಟು ಹೋಗಬ್ಯಾಡ ಅಣ್ಣಾ. ಬಿಟ್ಟಿದ್ದನ್ನ ಯಾವಾಗ ಬೇಕಾದ್ರೂ ಬಂದು ಒಯ್ಯಬಹುದು. ಕೊಡೋದಾದ್ರೆ ಕೊಟ್ಟೆ ಅನ್ನು, ಇಲ್ಲಾಂದ್ರೆ ಒಯ್ಯಿ. ಆಟೊ ನಿಂತೈತೆ."

ಯಜಮಾನರು ರಿಮೋಟಿಗೆ ಸೆಲ್ಲು ಹಾಕುತ್ತಿದ್ದವರು ಹಾಗೇ ನಿಂತರು. ಅಣ್ಣ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಇವಳು ಯಾರು, ಯಾವಾಗ ಬಂದಳು ಎಂಬಂತಿತ್ತು. ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಮನಸ್ಸು ನನಗಿರಲಿಲ್ಲ. ಅವನು ಪ್ಲಗ್ಗುಗಳನ್ನೊಮ್ಮೆ ನೋಡಿಕೊಂಡು, ಬಹಳ ಮೆತ್ತಗೆ, "ಕೊಟ್ಟೆ" ಎಂದ. ತಮ್ಮನೂ ಅಣ್ಣನ ಹಿಂದೆಯೇ ಕೊಟ್ಟೆ ಅಕ್ಕಾ ಎಂದ.

ಆಗ ಅತ್ತಿಗೆ ಎದ್ದರು. ಅತ್ತಿಗೆ ಬಾಯಿ ಬಿಡುವುದೇ ಅಪರೂಪ, ಅವತ್ತು ಬೆಳಗಿನಿಂದ ಅವರಾಡಿದ ಮಾತು ಬೆರಳಲ್ಲಿ ಎಣಿಸಬಹುದಿತ್ತು. ಹೊರಡುವಾಗ ಅವರಿಗೆ ಕೊಡಲೆಂದು ನಾನು ದೇವರ ಮುಂದೆ ತಟ್ಟೆಯಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ಕುಬಸದ ಬಟ್ಟೆಯ ಕಣ ಇಟ್ಟಿದ್ದೆ. ಅತ್ತಿಗೆ ಆ ತಟ್ಟೆಯನ್ನೇ ಎತ್ತಿಕೊಂಡು ಬಂದು ನನ್ನನ್ನು ಜಮಖಾನೆಯ ನಡುವೆ ಕೂರಿಸಿದರು.

"ಇವರು ಬಾಯಿಲಿ ಅಂದಿದ್ದು ಬಾಯಿಲೇ ಹೋಗ್ತೈತಿ. ಸೆರಗು ಒಡ್ಡವ್ವಾ. ನನಗೂ ನಮ್ಮ ತವರಾಗ ಸೀರೆ ಕೊಟ್ಟೇ ಕಳಿಸಿದ್ರು. ನನಗೆ ಕೇಳಾಕ ಬರಲಿಲ್ಲ."

ತವರಿನಿಂದ ಹೊರಟ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ತವರೇ ಆಟೊ ಮಾಡಿಕೊಂಡು ಬಂದು ಮಗಳ ಮನೆಯಲ್ಲಿ ಉಡಿ ತುಂಬಿದ್ದನ್ನು ನಾನು ಕಂಡಿರಲಿಲ್ಲ. ಅತ್ತಿಗೆ ಅರಿಶಿನ ಕುಂಕುಮ ಹಚ್ಚಿ, ನನ್ನ ಮನೆಯ ಅಕ್ಕಿಯನ್ನೇ ನನ್ನ ಸೆರಗಿಗೆ ಹಾಕಿದರು. ಕಾಯಿ, ಎಲೆ ಅಡಿಕೆ, ಕಣ ಆದವು. ಆಮೇಲೆ ಗಂಡನ ಕೈಯಿಂದ ಕೆಂಪು ತಂತಿಯ ಎರಡು ಪ್ಲಗ್ಗು, ಮೈದುನನ ಕೈಯಿಂದ ಕಪ್ಪು ತಂತಿಯ ಎರಡು ಪ್ಲಗ್ಗು ತೆಗೆದುಕೊಂಡು, ನಾಲ್ಕನ್ನೂ ಕಾಯಿಯ ಪಕ್ಕದಲ್ಲಿ ಇಟ್ಟರು. ಒಬ್ಬೊಬ್ಬನ ತಂತಿ ನನ್ನ ಮಡಿಲಿನಿಂದ ಹೊರಟು ಅವನವನ ಪೆಟ್ಟಿಗೆಯವರೆಗೆ ಹೋಗಿತ್ತು. ಅತ್ತ ಹಸಿರು ಪೆಟ್ಟಿಗೆ, ಇತ್ತ ಬೋಲ್ಟಿನ ಪೆಟ್ಟಿಗೆ, ನಡುವೆ ನಾನು. ಎದ್ದರೆ ಎರಡೂ ಎಳೆದುಕೊಂಡು ಬರುವಂತಿದ್ದುದರಿಂದ ಏಳದೆ ಹಾಗೇ ಕೂತಿದ್ದೆ. ಅಳು ಬಂತು, ತಡೆಯಲಿಲ್ಲ.

ಹೊರಗೆ ಆಟೊದವನು ಹಾರ್ನ್ ಹೊಡೆದ. ಅಣ್ಣ ಕಿಟಕಿಗೆ ಹೋಗಿ, ಒಯ್ಯೋದು ಏನೂ ಇಲ್ಲಪ್ಪಾ, ಜನ ಅಷ್ಟೇ ಬರೋದು, ಇನ್ನೊಂದು ಹಾಡು ಆಗಲಿ ತಡಿ ಎಂದ. ಅತ್ತಿಗೆ ಪೆಟ್ಟಿಗೆ ಸುತ್ತಿ ತಂದಿದ್ದ ಹೊದಿಕೆಯನ್ನು ಮಡಚಿ ಬಗಲಿಗೆ ಇಟ್ಟುಕೊಂಡರು. ತಮ್ಮ ನನ್ನ ಉಡಿಯಿಂದ ಪ್ಲಗ್ಗುಗಳನ್ನು ಒಂದೊಂದಾಗಿ ತೆಗೆದು, ಅಂಟಿದ ಅಕ್ಕಿ ಕಾಳು ಒರೆಸಿ, ಅಣ್ಣನದು ಅದಲು ಬದಲು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಆಂಪ್ಲಿಫೈಯರಿಗೆ ಚುಚ್ಚಿದ. ನಾನು ಸೆರಗು ಬಿಗಿ ಹಿಡಿದುಕೊಂಡು, ಕೂತ ಜಾಗದಿಂದ ಅಲುಗದೆ, ಹಾಡು ಹಾಕು ಎಂದೆ.